ಮಳೆ ಅಳೆಯುವವರ ಮನೆ

ನಸುಕಿಗೂ ಮುನ್ನ ಒಲೆ ಹಚ್ಚುವುದು, ಹಾಲು ಕರೆಯುವುದು, ಅತ್ತೆಗೆ ಬಿಸಿನೀರು ಕಾಯಿಸುವುದು, ಗುಡ್ಡ ಹತ್ತಿ ಮಳೆಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆಯುವುದು, ಎಲ್ಲವೂ ಅವಳ ಪಾಲು. ಕಡತದಲ್ಲಿ ಮಾತ್ರ ಮಳೆ ಅಳೆಯುವವನು ಗಂಡ, ಸಹಿ ಅವನದು. ಹದಿನೆಂಟು ವರ್ಷ ಒಂದು ದಿನವೂ ತಪ್ಪಿಸಲಿಲ್ಲವೆಂದು ಇಂದು ಹವಾಮಾನ ಇಲಾಖೆಯ ಸಾಹೇಬರು ಗುಡ್ಡಕ್ಕೇ ಬಂದು ಅವನಿಗೆ ಸನ್ಮಾನ ಮಾಡುವವರಿದ್ದರು.

"ಸಾಹೇಬರ ಮುಂದೆ ನಾನೇ ಅಳೆದು ತೋರಿಸಬೇಕಂತೆ. ಅದು ಹೇಗೇಂತ ಸ್ವಲ್ಪ ಹೇಳೇ," ಎಂದ ಗಂಡ, ಗಡ್ಡಕ್ಕೆ ಸೋಪು ಹಚ್ಚುತ್ತಾ.

"ಬೆಟ್ಟದ ಹವೆಯೆಲ್ಲಾ ನನ್ನ ಅಂಗೈಲಿದೆ ಅಂತಿದ್ರಲ್ಲ, ನೋಡ್ಕೊಳ್ಳಿ."

"ಹೇಳ್ಕೊಡಮ್ಮಾ, ಮಾನ ಹೋಗುತ್ತೆ," ಎಂದರು ಅತ್ತೆ. "ನಿಮ್ಮ ಮಾವನಿಗೂ ನಾನೇ ಅಳೆದುಕೊಡ್ತಿದ್ದೆ."

ಅವಳು ಒಬ್ಬಳೇ ಗುಡ್ಡ ಹತ್ತಿದಳು. ಮಾಪಕ ತುಂಬಿತ್ತು. ಅಳೆಯುವ ಗಾಜಿನ ಲೋಟವನ್ನು ಅದರ ಪಕ್ಕದಲ್ಲಿಟ್ಟು, ಪುಸ್ತಕದಲ್ಲಿ ಇಂದಿನ ಸಾಲನ್ನು ಖಾಲಿ ಬಿಟ್ಟು ಇಳಿದು ಬಂದವಳೇ ಗಂಡನ ಕಂಬಳಿ ಹೊದ್ದು ಮಲಗಿದಳು.