ಬಿಳಿ ತಿಂಗಳ ಕುರಿಮರಿ

ನಂದಿನಿ, ಭರತ,

ಇದನ್ನು ನಾನು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ನನಗೆ ಬರುವುದು ಅದೊಂದೇ, ಅದೂ ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತಷ್ಟು. ಓದಲು ತೊಡಕಾದರೆ ನಿಮ್ಮಮ್ಮನ ಹತ್ತಿರ ಓದಿಸಿಕೊಳ್ಳಿ. ತನ್ನ ವಿಷಯ ಬಂದ ಕಡೆ ಅವಳು ಹಾರಿಸಿ ಓದಬಹುದು, ಸ್ವಲ್ಪ ನೋಡಿಕೊಳ್ಳಿ.

ಅದು ಎರಡು ಸಾವಿರನೇ ಇಸವಿಯ ಫೆಬ್ರವರಿ. ಭರತ, ಆಗ ನೀನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದೆ, ಏಳು ತಿಂಗಳು. ನಂದಿನಿಗೆ ಐದು ವರ್ಷ. ಬಾಣಂತನ ಮಾಡಲೆಂದು ನಾನು ಚಳ್ಳಕೆರೆ ಕಡೆಯ ನಮ್ಮ ಹಳ್ಳಿಯಿಂದ ರೆಡ್‌ವುಡ್ ಸಿಟಿಯ ನಿಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದೆ. ನಿಮ್ಮಜ್ಜ ತೀರಿಕೊಂಡು ಆಗ ಎಂಟು ವರ್ಷವಾಗಿತ್ತು. ಆ ದಿನಗಳಲ್ಲಿ ಅಲ್ಲಿ ಯಾರ ಬಾಯಲ್ಲಿ ನೋಡಿದರೂ ಹೊಸ ಕಂಪನಿ, ಹೊಸ ವೆಬ್‌ಸೈಟಿನ ಮಾತು. ಒಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮಪ್ಪ ಪ್ರಕಾಶ, "ಅತ್ತೆ, ಈಗ ಇಲ್ಲಿ ನಾಯಿ ಊಟಾನೂ ಕಂಪ್ಯೂಟರಲ್ಲೇ ಆರ್ಡರ್ ಮಾಡ್ತಾರೆ" ಎಂದರು. "ನಾಯೀನೇ ಒತ್ತುತ್ತೇನಪ್ಪಾ ಬಟನ್ನು?" ಎಂದು ಕೇಳಿದೆ. ನಿಮ್ಮಪ್ಪ ನಕ್ಕು ನಕ್ಕು ಸಾರು ನೆತ್ತಿಗೇರಿಸಿಕೊಂಡರು.

ಮನೆಯೊಳಗೆ ನನ್ನ ಬಾಯಿ ಅಷ್ಟು ಓಡುತ್ತಿತ್ತು. ಹೊರಗೆ ಹೋದರೆ ಬೀಗ. ಅದಕ್ಕೊಂದು ಕಾರಣವಿತ್ತು. ನಮ್ಮದು ಕುರಿ ಕಾಯುವ ಮನೆತನ. ನಿಮ್ಮಜ್ಜ, ನಾನು, ನಮ್ಮ ಮಾವ, ಎಲ್ಲರೂ ಕಾವಲು ಎನ್ನುವ ಊರಾಚೆಯ ಹುಲ್ಲು ಬಯಲಿನಲ್ಲಿ ಕುರಿಗಳ ಹಿಂದೆ ನಡೆದೇ ಬದುಕಿದವರು. ನಿಮ್ಮಮ್ಮ ರತ್ನಾ ಹೈಸ್ಕೂಲಿಗೆ ಹಾಸ್ಟೆಲ್ ಸೇರಿದಾಗ, ಅವಳ ಹಾಸಿಗೆ ಕುರಿ ವಾಸನೆ ಎಂದು ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡು ಮಂಚ ಎಳೆದುಕೊಂಡರಂತೆ. ಆ ಸಲ ರಜಕ್ಕೆ ಬಂದವಳು ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಿದ್ದಳು. ಅಂದಿನಿಂದ ಅವಳ ಸ್ನೇಹಿತರ ಎದುರು ನಾನು ಕುರಿಯ ಸುದ್ದಿ ಎತ್ತಿದವಳಲ್ಲ. ಲಾಸ್ ಆಲ್ಟೋಸಿನಲ್ಲಿ ಯಾರದೋ ಮನೆಯ ಪೂಜೆಯಲ್ಲಿ ಒಬ್ಬ ಹೆಂಗಸು, "ನಿಮ್ಮ ಯಜಮಾನ್ರು ಏನ್ಮಾಡ್ಕೊಂಡಿದ್ರು?" ಎಂದು ಕೇಳಿದರು. "ಹೊಲ ಮನೆ ನೋಡ್ಕೊಂಡಿದ್ರು" ಎಂದೆ. ರತ್ನಾ ತಟ್ಟೆ ನೋಡುತ್ತಾ ಕೂತಿದ್ದಳು.

ನಿಮ್ಮಜ್ಜ ಹೋದ ಮೇಲೆ ಕುರಿ ಮಾರಿಬಿಟ್ಟಿದ್ದೆ, ಆದರೆ ಕಂಬಳಿ ಬಿಡಲಾಗಲಿಲ್ಲ. ನಮ್ಮ ಕುರಿಗಳ ಉಣ್ಣೆಯಿಂದಲೇ ನೇಯಿಸಿದ ಕರಿಯ ಕಂಬಳಿ. ನಂದಿನಿಯನ್ನು ಡೇಕೇರಿನಿಂದ ಕರೆತರಲು ಹೋಗುವಾಗ ಅದನ್ನೇ ಹೊದ್ದುಕೊಳ್ಳುತ್ತಿದ್ದೆ. "ಅವ್ವಾ, ಸ್ವೆಟರು ತಂದ್ಕೊಟ್ಟಿದೀನಲ್ಲ, ಅದನ್ನ ಹಾಕ್ಕೊಳ್ಳೋಕೆ ಏನು ಕಷ್ಟ ನಿಂಗೆ?" ಎಂದು ರತ್ನಾ ರೇಗುತ್ತಿದ್ದಳು. "ಅದರೊಳಗೆ ಗಾಳಿ ನುಗ್ಗುತ್ತೆ ಕಣೆ" ಎನ್ನುತ್ತಿದ್ದೆ.

ಡೇಕೇರಿನ ಹೊರಗೆ ಒಂದು ಬೆಂಚು. ಅಲ್ಲಿ ಇನ್ನೊಬ್ಬ ಮುದುಕಿ ಬಂದು ಕೂರುತ್ತಿದ್ದರು. ಅಗಲ ಮುಖ, ಕೆಂಪು ಕೆನ್ನೆ, ಕಾಲಿಗೆ ಬೂಟು. ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸರಣ ಎಂಬ ಹುಡುಗಿಯ ತಾಯಿ. ಹೆಸರು ದುಲ್ಮಾ. ಮಂಗೋಲಿಯಾ ದೇಶದವರಂತೆ. ಅವರಿಗೆ ಕನ್ನಡವಿಲ್ಲ, ನನಗೆ ಅವರ ಭಾಷೆ ಇಲ್ಲ, ಇಂಗ್ಲಿಷು ಇಬ್ಬರಿಗೂ ಇಲ್ಲ. ಮೂರು ದಿನ ಸುಮ್ಮನೆ ಕೂತೆವು. ನಾಲ್ಕನೆಯ ದಿನ ಅವರು ಕೈ ಚಾಚಿ ನನ್ನ ಕಂಬಳಿಯ ಅಂಚು ಹಿಡಿದು, ಎರಡು ಬೆರಳಿನಲ್ಲಿ ಹೊಸೆದು, ಮೂಗಿನ ಹತ್ತಿರ ಒಯ್ದು ಕಣ್ಣು ಮುಚ್ಚಿದರು. ನಾನು ಹೆದರಿದೆ. ಅವರು ಮೂಗು ಸಿಂಡರಿಸಲಿಲ್ಲ. ಕಣ್ಣು ತೆರೆದಾಗ ನೀರಿತ್ತು. ಆಮೇಲೆ ನನ್ನ ಕೈಗಳನ್ನು ತಿರುಗಿಸಿ ನೋಡಿದರು, ತಮ್ಮ ಕೈ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ಉಣ್ಣೆ ಕತ್ತರಿ ಹಿಡಿದು ಬಂದ ಗಟ್ಟಿ ಚರ್ಮ ಇಬ್ಬರಿಗೂ ಒಂದೇ ಜಾಗದಲ್ಲಿತ್ತು.

ಅಂದಿನಿಂದ ನಾವು ಗೆಳತಿಯರು. ಅವರು ತಮ್ಮ ಊರಿನ ಫೋಟೊಗಳನ್ನು ತಂದು ತೋರಿಸುತ್ತಿದ್ದರು. ಅದು ಹುಲ್ಲುಗಾವಲಿನ ನಡುವೆ ಇರುವ ಪಟ್ಟಣ. ಎತ್ತರದ ಕಟ್ಟಡಗಳಿವೆ, ಬಸ್ಸುಗಳಿವೆ. ಆದರೆ ಕೊನೆಯ ಬೀದಿ ಮುಗಿದ ಕಡೆಯಿಂದಲೇ ಹುಲ್ಲು, ಕಣ್ಣು ಹಾಯುವಷ್ಟು ದೂರ ಕುರಿ, ಕುದುರೆ, ಬಿಳಿಯ ದುಂಡನೆಯ ಗುಡಾರಗಳು. ಮಂದೆ ಅಡ್ಡ ಬಂದರೆ ಬಸ್ಸೇ ನಿಂತು ದಾರಿ ಬಿಡುತ್ತದಂತೆ. "ನಮ್ಮ ಕಡೆ ಡ್ರೈವರು ಹಾರ್ನ್ ಹೊಡೆದು ಅಪ್ಪ ಅಮ್ಮನ್ನ ಎಲ್ಲಾ ಬೈತಾನೆ ಅಂತ ಹೇಳೇ" ಎಂದೆ. ಅಂದು ನನ್ನ ಜೊತೆ ಬಂದಿದ್ದ ರತ್ನಾ ಇಂಗ್ಲಿಷಿನಲ್ಲಿ ಸರಣಗೆ ಹೇಳಿದಳು, ಸರಣ ತಾಯಿಗೆ ಹೇಳಿದಳು. ಮಾತು ಎರಡು ಮನೆ ದಾಟಿ ತಲುಪಿದ ಮೇಲೆ ದುಲ್ಮಾ ನನ್ನ ತೊಡೆ ತಟ್ಟಿ ನಕ್ಕರು.

ಅವರ ಹೊಸ ವರ್ಷ ಆ ತಿಂಗಳಲ್ಲೇ ಬರುತ್ತದೆ. ಬಿಳಿ ತಿಂಗಳು ಎನ್ನುತ್ತಾರೆ. ಅಲ್ಲಿದ್ದ ನಾಲ್ಕಾರು ಮಂಗೋಲ್ ಕುಟುಂಬಗಳು ಸೇರಿ, ಪೂರ್ವದ ಗುಡ್ಡಗಳ ಆಚೆ ಒಬ್ಬ ಬಿಳಿಯ ಮುದುಕನ ಕುರಿ ಫಾರ್ಮಿನಲ್ಲಿ ಎರಡು ಗುಡಾರ ಹಾಕಿ ಹಬ್ಬ ಮಾಡುತ್ತಿದ್ದರು. "ನಮ್ಮ ಊರಿಗೆ ಬಂದ ಹಾಗೇ ಆಗುತ್ತೆ, ಬನ್ನಿ" ಎಂದು ಸರಣ ಕರೆದಳು. ಶನಿವಾರ ಬೆಳಿಗ್ಗೆ ಸೇತುವೆ ದಾಟಿ, ಫ್ರೀವೇ ಹಿಡಿದು ಹೊರಟೆವು. ಬೇಸಿಗೆಯಲ್ಲಿ ಒಣಗಿ ಹಳದಿಯಾಗುವ ಆ ಗುಡ್ಡಗಳು ಆಗ ಹಸಿರೆಂದರೆ ಹಸಿರು. ನನಗೆ ಕಾರಿನಿಂದ ಇಳಿದು ಓಡಬೇಕೆನಿಸಿತು.

ಗುಡಾರದ ಗೋಡೆ ಉಣ್ಣೆಯನ್ನು ಒದ್ದೆ ಮಾಡಿ ಒತ್ತಿ ಒತ್ತಿ ಮಾಡಿದ ದಪ್ಪನೆಯ ಹಚ್ಚಡ. ಬಾಗಿಲು ಗಿಡ್ಡ. ನಂದಿನಿ, ನೀನು ಕುಣಿಯುತ್ತಾ ಹೋಗಿ ಹೊಸಿಲ ಮೇಲೆ ನಿಂತೆ. "ಹೊಸಿಲು ತುಳೀಬಾರ್ದು" ಎಂದು ನಾನು ಹಿಂದಿನಿಂದ ಎಳೆದೆ. ಅದೇ ಗಳಿಗೆಗೆ ಒಳಗಿನಿಂದ ದುಲ್ಮಾ ಏನೋ ಕೂಗಿ ಮುಂದಿನಿಂದ ಎತ್ತಿಕೊಂಡರು. ನೀನು ನಮ್ಮಿಬ್ಬರ ನಡುವೆ ಗಾಳಿಯಲ್ಲಿದ್ದೆ. ಅವರಲ್ಲೂ ಹೊಸಿಲು ತುಳಿಯುವಂತಿಲ್ಲ.

ಒಳಗೆ ನನಗೆ ಬಟ್ಟಲಿನಲ್ಲಿ ಹಾಲು ಹಾಕಿದ ಟೀ ಕೊಟ್ಟರು. ಒಂದು ಗುಟುಕು ಕುಡಿದೆ. ಉಪ್ಪು. ಪಾಪ, ಹಬ್ಬದ ಗಡಿಬಿಡಿಯಲ್ಲಿ ಸಕ್ಕರೆ ಡಬ್ಬಿ ತಪ್ಪಿದ್ದಾರೆ, ನಾನು ಹೇಳಿದರೆ ಮನೆಯವರಿಗೆ ಅವಮಾನ ಎಂದು ಕಣ್ಣು ಮುಚ್ಚಿ ಪೂರ್ತಿ ಕುಡಿದೆ. ಖಾಲಿ ಬಟ್ಟಲು ನೋಡಿ ಮತ್ತೆ ತುಂಬಿದರು. ಅದನ್ನೂ ಕುಡಿದೆ. ಮತ್ತೆ ತುಂಬಿದರು. ಮೂರನೆಯದು ಮುಗಿಸುವಾಗ ಸರಣ ಹೇಳಿದಳು, ಅವರ ಟೀ ಇರುವುದೇ ಹಾಗಂತೆ. "ಅಮ್ಮನಿಗೆ ತುಂಬಾ ಇಷ್ಟ ಆಯ್ತು ಅಂತ ಎಲ್ಲರಿಗೂ ಖುಷಿಯಾಗಿದೆ" ಎಂದು ರತ್ನಾ ನಗು ತಡೆದುಕೊಂಡು ನನಗೆ ತಿಳಿಸಿದಳು.

ಆಮೇಲೆ ಹಬ್ಬದ ನಮಸ್ಕಾರ. ಎಲ್ಲರಿಗಿಂತ ಹಿರಿಯರನ್ನು ಎದುರಿನ ಮುಖ್ಯ ಜಾಗದಲ್ಲಿ ಕೂರಿಸುತ್ತಾರೆ. ಚಿಕ್ಕವರು ಒಬ್ಬೊಬ್ಬರಾಗಿ ಬಂದು ಹಿರಿಯರ ಮೊಳಕೈಗಳನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಆತು ಹಿಡಿಯುತ್ತಾರೆ. ವಯಸ್ಸು ಕೇಳಿದರು. ದುಲ್ಮಾಗೆ ಅರವತ್ತೊಂದು, ನನಗೆ ಅರವತ್ತಮೂರು. ಆ ಗುಡಾರದಲ್ಲಿ ನಾನೇ ಹಿರಿಯಳು. ದುಲ್ಮಾ ಎದ್ದು ನನ್ನನ್ನು ಕರೆದರು. ನಮ್ಮ ಕಡೆ ಗಂಡನನ್ನು ಕಳೆದುಕೊಂಡವಳು ವರ್ಷದ ಮೊದಲ ಹಬ್ಬದಲ್ಲಿ ಮುಂದೆ ಬಂದು ಕೂರುವುದಿಲ್ಲ. ಎಂಟು ವರ್ಷದಿಂದ ಹಿಂದೆ ನಿಂತು ನಿಂತು ಅದೇ ನನ್ನ ಜಾಗವಾಗಿತ್ತು. ತಲೆ ಅಲ್ಲಾಡಿಸಿ ಬಾಗಿಲ ಬಳಿ ಹೋಗಿ ಕೂತುಬಿಟ್ಟೆ. ದುಲ್ಮಾ ಚಾಚಿದ ಕೈ ಹಾಗೆಯೇ ಇತ್ತು. ಅವರ ಮುಖ ಸಣ್ಣದಾದದ್ದು ನನಗೆ ಕಂಡಿತು. ಕಾರಣ ಹೇಳಲು ಭಾಷೆ ಇರಲಿಲ್ಲ.

ಅಷ್ಟರಲ್ಲಿ ಫಾರ್ಮಿನ ಯಜಮಾನ ಬಾಗಿಲಿಗೆ ಬಂದ. ಟೋಪಿ ತೆಗೆದು ಏನೋ ಹೇಳಿದ. ಒಂದು ಚೊಚ್ಚಲ ಕುರಿ ಬೆಳಗಿನ ಜಾವ ಎರಡು ಮರಿ ಹಾಕಿದೆ, ಒಂದನ್ನು ಸೇರಿಸಿಕೊಂಡಿದೆ, ಇನ್ನೊಂದನ್ನು ಹತ್ತಿರ ಬಿಡುತ್ತಿಲ್ಲ ಎಂದು ರತ್ನಾ ಹೇಳಿದಳು. ತಾಯಿಯನ್ನು ಕಟ್ಟಿ ಹಾಕಿ ನೋಡಿದನಂತೆ, ಬಾಟಲಿ ಹಾಲನ್ನೂ ಇಟ್ಟು ನೋಡಿದನಂತೆ. ಮರಿ ಚೀಪುತ್ತಿಲ್ಲ. ಈ ಗಾಳಿಗೆ ಸಂಜೆಯವರೆಗೂ ಉಳಿಯುವುದಿಲ್ಲ ಎಂದನಂತೆ.

ಎಲ್ಲರೂ ಎದ್ದು ಹೋದೆವು. ಮರಿ ಬೇಲಿಯ ಮೂಲೆಯಲ್ಲಿ ಕಾಲು ಮಡಚಿ ಬಿದ್ದಿತ್ತು. ಎದ್ದು ತಾಯಿಯ ಕಡೆ ಎರಡು ಹೆಜ್ಜೆ ಇಟ್ಟರೆ ತಾಯಿ ತಲೆ ತಗ್ಗಿಸಿ ಹಾಯುತ್ತಿತ್ತು. ದುಲ್ಮಾ ತಮ್ಮ ರೇಷ್ಮೆಯ ಹಬ್ಬದ ನಿಲುವಂಗಿಯಲ್ಲೇ ಕೆಸರಿಗೆ ಮಂಡಿಯೂರಿ, ಕುರಿಯ ಕತ್ತು ತಬ್ಬಿ ಹಾಡತೊಡಗಿದರು. "ಟೊಯಿಗ್, ಟೊಯಿಗ್" ಎಂದು ತೊಟ್ಟಿಲು ತೂಗುವ ಹಾಗೆ, ಅದನ್ನೇ ಮತ್ತೆ ಮತ್ತೆ. ಮರಿ ಒಲ್ಲದ ತಾಯಿಗೆ ಹೀಗೆ ಹಾಡುವುದು ಅವರ ಪದ್ಧತಿಯಂತೆ. ಕುರಿಯ ಉಸಿರು ನಿಧಾನವಾಯಿತು. ಆದರೆ ಮರಿಯನ್ನು ಹತ್ತಿರ ತಂದ ತಕ್ಷಣ ಮೂಸಿ ಮತ್ತೆ ತಳ್ಳಿತು.

ನನಗೆ ಗೊತ್ತಿತ್ತು. ಅದು ಮೂಸಿ ತಳ್ಳುತ್ತಿದೆ, ಎಂದರೆ ವಾಸನೆಯ ಲೆಕ್ಕ. "ಕುರಿಗೆ ಕಣ್ಣಿಗಿಂತ ಮೂಗು ದೊಡ್ಡದು" ಎಂದು ನಮ್ಮ ಮಾವ ಹೇಳುತ್ತಿದ್ದರು. ಗಿಣ್ಣು ಹಾಲು ಒಂದು ಗುಟುಕು ಇಳಿಯದಿದ್ದರೆ ಮರಿ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಏನು ಮಾಡಬೇಕೋ ಅದು ನನ್ನ ಕೈಗೆ ಬರುತ್ತಿತ್ತು. ಆದರೆ ಅಷ್ಟು ಜನರ ಮುಂದೆ ಬೇಲಿ ದಾಟಿದರೆ ನಾನು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ರತ್ನಾಳ ಮುಖ ನೋಡಿದೆ. ನಂದಿನಿ, ನೀನು ನನ್ನ ಸೆರಗು ಜಗ್ಗಿ, "ಅಜ್ಜಿ, ಈಸ್ ಇಟ್ ಗೋಯಿಂಗ್ ಟು ಡೈ?" ಎಂದು ಕೇಳಿದೆ. ಇಂಗ್ಲಿಷಿನಲ್ಲಿ ನನಗೆ ತಾನಾಗಿ ಅರ್ಥವಾದ ಮೊದಲ ಮಾತು ಅದು.

"ಅವ್ವಾ," ಎಂದಳು ರತ್ನಾ, ಮೆಲ್ಲಗೆ. "ನೋಡ್ತಾ ನಿಂತಿದೀಯಲ್ಲ. ಹೋಗು."

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. "ಪ್ರಕಾಶಪ್ಪಾ, ಗುಡಾರದಿಂದ ಉಪ್ಪು ತಗೊಂಬಾ" ಎಂದೆ. ನಿಮ್ಮಪ್ಪ ಹೊಸ ಬೂಟಿನಲ್ಲಿ ಕೆಸರು ಹಾರಿಸಿಕೊಂಡು ಓಡಿದರು. ಮರಿಯನ್ನು ಮೊದಲು ಕಂಬಳಿಯಲ್ಲಿ ಸುತ್ತಿ ಮೈ ಬಿಸಿಯಾಗುವವರೆಗೂ ಉಜ್ಜಿದೆ. ತಾಯಿಯ ಮೊಲೆಯಿಂದ ನಾಲ್ಕು ಸೆಳೆ ಗಿಣ್ಣು ಹಾಲು ಅಂಗೈಗೆ ಕರೆದು ಮರಿಯ ನೆತ್ತಿಯಿಂದ ಬಾಲದವರೆಗೆ ಸವರಿದೆ. ಒಂದಿಷ್ಟನ್ನು ಬೆರಳಲ್ಲಿ ಅದರ ಬಾಯಿಗಿಟ್ಟೆ. ತಾಯಿ ಸೇರಿಸಿಕೊಂಡಿದ್ದ ಇನ್ನೊಂದು ಮರಿಯನ್ನು ತಂದು ಎರಡರ ಮೈಯನ್ನೂ ಒಂದಕ್ಕೊಂದು ತಿಕ್ಕಿದೆ. ಆಮೇಲೆ ಬೆನ್ನ ಮೇಲೆ ಉಪ್ಪು ಉದುರಿಸಿ ತಾಯಿಯ ಮುಂದೆ ಇಟ್ಟೆ.

ತಾಯಿ ಮೂಸಿತು. ಉಪ್ಪನ್ನು ಒಂದು ಸಲ ನೆಕ್ಕಿತು. ಆಮೇಲೆ ಹಾಯ್ದು ಬೀಳಿಸಿತು.

ಯಜಮಾನ ತಲೆ ಆಡಿಸಿದ. ದುಲ್ಮಾ ಹಾಡು ನಿಲ್ಲಿಸಲಿಲ್ಲ. ನನ್ನ ಕಡೆ ನೋಡಿ ಗದ್ದ ಎತ್ತಿದರು, ಇನ್ನೊಮ್ಮೆ ಎಂಬಂತೆ. ಮತ್ತೆ ಹಾಲು, ಮತ್ತೆ ಉಪ್ಪು. ಈ ಸಲ ನಾನು ಕುರಿಯ ತಲೆಯನ್ನು ಎದೆಗೆ ಒತ್ತಿಕೊಂಡು, ನಮ್ಮ ಕಾವಲಿನಲ್ಲಿ ಮಂದೆಯನ್ನು ಸಮಾಧಾನ ಮಾಡುವಾಗ ಹೊರಡಿಸುವ ಸದ್ದನ್ನು ಗಂಟಲಲ್ಲಿ ಹೊರಡಿಸಿದೆ. ಎಂಟು ವರ್ಷವಾಗಿತ್ತು ಆ ಸದ್ದು ಮಾಡಿ. ಅವರ ಹಾಡು ಒಂದು ಕಿವಿಗೆ, ನನ್ನ ಸದ್ದು ಇನ್ನೊಂದು ಕಿವಿಗೆ. ಎಷ್ಟು ಹೊತ್ತೋ ತಿಳಿಯದು. ಮಂಡಿ ಮರಗಟ್ಟಿತ್ತು. ಕುರಿ ನಾಲಿಗೆ ಹೊರಹಾಕಿ ಮರಿಯ ಬೆನ್ನು ನೆಕ್ಕಿತು. ಉಪ್ಪು ಮುಗಿಯಿತು. ಉಪ್ಪು ಮುಗಿದ ಮೇಲೂ ನೆಕ್ಕುತ್ತಲೇ ಇತ್ತು. ಮರಿ ತಡವರಿಸಿಕೊಂಡು ಎದ್ದು, ಹೊಟ್ಟೆಯ ಕೆಳಗೆ ಮೂತಿ ತೂರಿಸಿತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಅದರ ಬಾಲ ಪಟಪಟ ಅಲ್ಲಾಡಿತು.

"ಹಾಲು ಇಳೀತು" ಎಂದೆ. ಬಾಲ ಅಲ್ಲಾಡಿದರೆ ಹಾಲು ಗಂಟಲಿಗೆ ಇಳಿಯಿತು ಎಂದೇ ಅರ್ಥ. ದುಲ್ಮಾಗೆ ಯಾರೂ ತಿಳಿಸಿ ಹೇಳಬೇಕಾಗಲಿಲ್ಲ. ಅವರೂ ಬಾಲವನ್ನೇ ನೋಡುತ್ತಿದ್ದರು.

ಯಜಮಾನ ರತ್ನಾಳನ್ನು ಏನೋ ಕೇಳಿದ. ಅವಳು ಬೇಲಿಯ ಮೇಲಿಂದ ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಅವನು ಟೋಪಿ ಮುಟ್ಟಿ ನನ್ನ ಕಡೆ ಬಗ್ಗಿದ.

"ಏನಂದ್ಯೇ?" ಎಂದೆ.

"ನೀನೆಲ್ಲಿ ಕಲ್ತೆ ಅಂತ ಕೇಳ್ದ. ನಮ್ಮಪ್ಪ ಅಮ್ಮ ಕುರಿ ಕಾಯೋರು, ಆ ಕುರಿಗಳೇ ನನ್ನ ಓದಿಸಿದ್ದು ಅಂದೆ" ಎಂದಳು. ಮೂಗು ಒರೆಸಿಕೊಳ್ಳುತ್ತಾ, "ಬಾ, ಕೈ ತೊಳ್ಕೊ. ವಾಸನೆ ಬರ್ತಿದೀಯ" ಎಂದು ನಕ್ಕಳು.

ಕೈ ತೊಳೆದು ಗುಡಾರಕ್ಕೆ ಬಂದಾಗ ಎದುರಿನ ಆ ಜಾಗ ಖಾಲಿ ಇತ್ತು. ಯಾರೂ ಕೂತಿರಲಿಲ್ಲ. ದುಲ್ಮಾ ಮತ್ತೆ ಕೈ ಚಾಚಿದರು. ನಾನು ಹಿಂದೆ ಸರಿದ ಕಾರಣವನ್ನು ಸರಣಳ ಮೂಲಕ ರತ್ನಾ ತಿಳಿಸಿದ್ದಳೆಂದು ಕಾಣುತ್ತದೆ. ದುಲ್ಮಾ ತಮ್ಮ ಎದೆ ಮುಟ್ಟಿಕೊಂಡು, ಒಂದು ಬೆರಳು ಎತ್ತಿ, ಆಕಾಶದ ಕಡೆ ತೋರಿಸಿದರು. ಅವರ ಗಂಡನೂ ತೀರಿಕೊಂಡಿದ್ದರು. ಹೋಗಿ ಕೂತೆ. ಅವರು ನನ್ನ ಮೊಳಕೈಗಳನ್ನು ಕೆಳಗಿನಿಂದ ಹಿಡಿದರು. ನೀಲಿ ರೇಷ್ಮೆಯ ಉದ್ದನೆಯ ವಸ್ತ್ರವೊಂದನ್ನು ನನ್ನ ಕೈಗಳ ಮೇಲೆ ಹಾಸಿದರು. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕೊನೆಯಲ್ಲಿ ನಿಮ್ಮಮ್ಮ ಬಂದಳು, ಹೊಟ್ಟೆ ಹೊತ್ತುಕೊಂಡು. ಆಮೇಲೆ ಮತ್ತೆ ಉಪ್ಪಿನ ಟೀ. ಈ ಸಲ ಇಷ್ಟಪಟ್ಟೇ ಕುಡಿದೆ.

ಕಂಬಳಿಗೆ ಮರಿಯ ಮೈಯ ಜಿಗುಟೆಲ್ಲ ಅಂಟಿತ್ತು. ನನಗೆ ಹೇಳದೆ ರತ್ನಾ ಅದನ್ನು ಮಷೀನಿಗೆ ಹಾಕಿದಳು, ಒಣಗಿಸುವ ಮಷೀನಿಗೂ ಹಾಕಿದಳು. ಹೊರಗೆ ತೆಗೆದಾಗ ನನ್ನ ಹೆಗಲಿಗೂ ಸಾಲದಷ್ಟು ಕುಗ್ಗಿ ಹಲಗೆಯಂತಾಗಿತ್ತು. "ಅವ್ವಾ, ತಪ್ಪಾಯ್ತು" ಎಂದು ಅಳುವ ಹಾಗೆ ನಿಂತಳು. ಸೋಮವಾರ ಬೆಂಚಿನ ಮೇಲೆ ದುಲ್ಮಾಗೆ ತೋರಿಸಿದೆ. ಅವರು ಬೆರಳಲ್ಲಿ ಒತ್ತಿ ನೋಡಿ, ಚೆನ್ನಾಗಿದೆ ಎಂದು ತಲೆದೂಗಿದರು. ಅವರ ಗುಡಾರದ ಗೋಡೆಯ ಬಟ್ಟೆ ಆಗುವುದೇ ಹಾಗೆ ತಾನೆ. ಏಪ್ರಿಲ್‌ನಲ್ಲಿ ನೀನು ಹುಟ್ಟಿದಾಗ, ಭರತ, ನಿನ್ನ ಮೆತ್ತನೆಯ ಹಾಸಿಗೆಯ ಅಡಿಗೆ ಹಾಸಿದ್ದು ಅದೇ. ಅಳತೆ ಮಾಡಿ ತಂದ ಹಾಗೆ ಸರಿಹೋಯಿತು.

ಬೇಸಿಗೆಗೆ ದುಲ್ಮಾ ತಮ್ಮ ಊರಿಗೆ ಹೋದರು, ನಾನು ನಮ್ಮ ಊರಿಗೆ ಬಂದೆ. ಮತ್ತೆ ನಾವು ಸೇರಲಿಲ್ಲ. ಅವರ ಪಟ್ಟಣವನ್ನು ನಾನು ಕಂಡವಳಲ್ಲ. ಆದರೆ ಯಾರಾದರೂ ಕೇಳಿದರೆ ಹೋಗಿ ಬಂದಿದ್ದೇನೆ ಎಂದೇ ಹೇಳುತ್ತೇನೆ. ಈಗ ನಮ್ಮ ಯಜಮಾನರು ಏನು ಮಾಡುತ್ತಿದ್ದರು ಎಂದು ಕೇಳಿದವರಿಗೂ ಸರಿಯಾಗಿಯೇ ಹೇಳುತ್ತೇನೆ. ಊರ ಹಬ್ಬಗಳಲ್ಲಿ ಹಿಂದೆ ನಿಂತಿರುವ ನನ್ನಂಥವರನ್ನು ಕಂಡರೆ ಕೈ ಹಿಡಿದು ಮುಂದೆ ಕೂರಿಸುತ್ತೇನೆ. ಕೆಲವರು ಗೊಣಗುತ್ತಾರೆ. ಗೊಣಗಲಿ.

ಆ ಕಂಬಳಿ ತುಂಡು ನಿಮ್ಮ ಮನೆಯ ಬೀರುವಿನ ಕೆಳಗಿನ ಅರೆಯಲ್ಲಿದೆ, ನೀಲಿ ವಸ್ತ್ರದ ಜೊತೆ. ಈ ಹಾಳೆಗಳನ್ನು ಅದರಲ್ಲೇ ಸುತ್ತಿಡಿ. ನುಸಿ ಹಿಡಿಯದ ಹಾಗೆ ನಾಲ್ಕು ಬೇವಿನ ಎಲೆ ಇಡಿ, ಅಲ್ಲಿ ಬೇವು ಸಿಗದಿದ್ದರೆ ಹೇಳಿ, ಕಳಿಸುತ್ತೇನೆ. ಮತ್ತೆ ಯಾರೂ ಅದನ್ನು ಮಷೀನಿಗೆ ಹಾಕದ ಹಾಗೆ ನೋಡಿಕೊಳ್ಳಿ, ಮುಖ್ಯವಾಗಿ ನಿಮ್ಮಮ್ಮ.