ಗೌರಮ್ಮನ ಅಂಗಡಿಗೆ ನಾನು ಹಾಕಿದ ಹೆಸರು

ಕಳೆದ ಸೋಮವಾರ ಸೊರಬದಿಂದ ಶಿಕಾರಿಪುರಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತವರ ತೊಡೆಯ ಮೇಲೆ ಹೊಲಿಗೆ ಮಿಷನ್ ಇತ್ತು. ಗೋಣಿಚೀಲ ಸುತ್ತಿದ್ದರು. ಉಳವಿಯ ಟೈಲರ್ ಅಂತೆ.

"ರಿಪೇರಿಗಾ?" ಎಂದೆ.

"ಹೌದ್ರೀ. ಸೊರಬದಲ್ಲೇ ಮಾಡಿಸೋಣ ಅಂತ ಬಂದಿದ್ದೆ. ಅಂಗಡೀಲಿ ಬಸವರಾಜಪ್ಪ ಇರ್ಲಿಲ್ಲ. ಯಾರೋ ಹೆಂಗಸು, ನಾನೇ ಮಾಡೋದು ಕೊಡಿ ಅಂದ್ರು. ಅಂಗಡಿಗಳ ಪುಸ್ತಕದಲ್ಲಿ ಗಂಡಸಿನ ಹೆಸರಿದೆಯಲ್ರೀ! ಧೈರ್ಯ ಬರ್ಲಿಲ್ಲ. ಶಿಕಾರಿಪುರಕ್ಕೇ ಹೊರಟೆ."

ಜೇಬಿನಿಂದ ಪುಸ್ತಕ ತೆಗೆದು ತೋರಿಸಿದರು. ತೋರಿಸಬೇಕಿತ್ತೇ? ಅದನ್ನು ಮಾಡಿದವನೇ ನಾನು!

ಸೊರಬ, ಶಿಕಾರಿಪುರ ಎರಡೂ ತಾಲೂಕಿನ ಅಂಗಡಿಗಳ ಹೆಸರು, ವಿಳಾಸ, ಫೋನ್ ನಂಬರ್ (ಫೋನಿಲ್ಲದವರಿಗೆ ಪಕ್ಕದ ಮನೆಯದು) ಸೇರಿಸಿ ನಾನು ಡೈರೆಕ್ಟರಿ ಅಚ್ಚು ಹಾಕಿಸಿದ್ದು ನಿಮಗೆ ಗೊತ್ತು. ಈ ಅಂಕಣದಲ್ಲೇ ಎಷ್ಟು ಕೊಚ್ಚಿಕೊಂಡಿಲ್ಲ?

ನಿಮಗೆ ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ಆ ಅಂಗಡಿ ಗೌರಮ್ಮನದು. ಮಿಷನ್ ಬಿಚ್ಚುವವರು, ಜೋಡಿಸುವವರು ಅವರೇ. ಗಂಡ ಬಸವರಾಜಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸೂಜಿಗೆ ದಾರ ಪೋಣಿಸಲೂ ಬಾರದು. ವಿವರ ಕೇಳಲು ಹೋದಾಗ ಗೌರಮ್ಮ ತಮ್ಮ ಹೆಸರೇ ಬರೆಸಿದ್ದರು. ಹೊಡೆದು ಹಾಕಿ ಗಂಡನ ಹೆಸರು ಬರೆದವನು ನಾನು. ಕೇಳಲೂ ಇಲ್ಲ.

ಬಸ್ಸಿನಲ್ಲಿ ಆ ಟೈಲರಿಗೆ ನಿಜ ಹೇಳಬಹುದಿತ್ತು. ಹೇಳಿದೆನೇ? ಕಿಟಕಿ ಕಡೆ ತಿರುಗಿ ಕೂತೆ. (ಪುಸ್ತಕದ ಹಿಂಬದಿ ನನ್ನ ಫೋಟೋ ಬೇರೆ ಇತ್ತು.)

ಮರುದಿನ ಸೊರಬಕ್ಕೆ ಹೋದೆ. ಗೌರಮ್ಮ ಎಣ್ಣೆ ಕೈಯಲ್ಲೇ ಕುರ್ಚಿ ಸರಿಸಿಕೊಟ್ಟರು.

"ತಪ್ಪಾಗಿದೆ ಅಮ್ಮ," ಎಂದೆ.

"ಎರಡು ಸಲ ಹೇಳಿದ್ನಲ್ರೀ ನನ್ನ ಹೆಸರು. ನೀವು ಬರ್ಕೊಂಡಿದ್ದೂ ನೋಡಿದ್ದೆ."

"ಹೆಂಗಸಿನ ಹೆಸರು ಕಂಡರೆ ಗಿರಾಕಿ ಬರಲ್ಲ ಅಂತ... ನಿಮ್ಮ ಒಳ್ಳೇದಕ್ಕೇ..."

"ಮೊದ್ಲು ಬರ್ತಾ ಇದ್ರಲ್ಲ?"

ನನ್ನ ಪುಸ್ತಕ ಬಂದ ಮೇಲೆ ಮೂವರು ಹೊಸಬರು ಹಾಗೇ ವಾಪಸ್ ಹೋಗಿದ್ದರಂತೆ.

ಅಷ್ಟರಲ್ಲಿ ಹೊರಗೆ ಏಣಿಯ ಸದ್ದು. ಪೇಂಟರ್ ಒಬ್ಬರು 'ಗೌರಮ್ಮ' ಎಂಬ ಬೋರ್ಡಿಗೆ ಬಿಳಿ ಬಣ್ಣ ಬಳಿಯುತ್ತಿದ್ದರು.

"ಪುಸ್ತಕದಲ್ಲಿ ಒಂದು, ಬೋರ್ಡಲ್ಲಿ ಒಂದು ಇದ್ರೆ ಜನ ನಂಬಲ್ಲ ಅಂತಾರೆ ನಮ್ಮನೆಯವ್ರು," ಎಂದರು ಗೌರಮ್ಮ. "ಅದಕ್ಕೇ ಅವ್ರ ಹೆಸರೇ ಬರೆಸ್ತಾ ಇದೀವಿ."

"ನಿಲ್ಲಿಸಿ! ನಾನು ಪುಸ್ತಕನೇ ತಿದ್ದಿಸ್ತೀನಿ."

"ಹಂಚಿದ್ದನ್ನೆಲ್ಲ ವಾಪಸ್ ತರ್ತೀರಾ? ಬಿಡ್ರೀ. ಯಾರ ಹೆಸರಾದ್ರೇನು, ಕೆಲಸ ಬರ್ಲಿ."

ಅವರು ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಕಾಫಿ ತರಿಸಿದರು. ಕುಡಿದು ಹೊರಬಂದಾಗ ಬೋರ್ಡು ಪೂರ್ತಿ ಬಿಳಿಯಾಗಿತ್ತು.

ಈಗ 'ಗೌರಮ್ಮ' ಎಂದು ಅಚ್ಚು ಹಾಕಿಸಿದ ಚೀಟಿ ಹಿಡಿದು ಊರೂರು ತಿರುಗುತ್ತಿದ್ದೇನೆ. ಶಿಕಾರಿಪುರದಲ್ಲಿ ಮುಗಿಯಿತು, ಉಳವಿಯಲ್ಲಿ ಅರ್ಧ ಆಗಿದೆ. ಸಿಕ್ಕ ಪುಸ್ತಕಕ್ಕೆಲ್ಲ ಅಂಟಿಸುತ್ತೇನೆ. ಪುಸ್ತಕ ಸರಿಯಾದರೆ ಬೋರ್ಡೂ ತಿರುಗಿ ಸರಿಯಾದೀತು ಅಂತ ಆಸೆ.

ಆದರೆ ಹೆಸರು ಹೊಡೆದು ಹಾಕಿದ ಆ ಕೈ ನನ್ನದೇ ಅಲ್ಲವೇ? ಅದಕ್ಕೆ ಯಾವ ಚೀಟಿ ಅಂಟಿಸಲಿ?