ಹಾಸಿಗೆ ಅಕ್ಕನ ಹೆಸರಿಗೆ ಬಿದ್ದ ತೆರಿಗೆ

ಹಾಸಿಗೆ ಅಂಗಡಿಯ ಮೂವರಿಗೆ ಕಮಿಷನ್ನು ಬಾಕಿ ಇದೆ. ಬಾಕಿ ಇಟ್ಟವಳು ಹಾಸಿಗೆ ಅಕ್ಕ ಎಂದು ಆ ಮೂವರೂ ಹೇಳುತ್ತಾರೆ. ಗಿರಾಕಿಯ ಮುಂದೆ ತಾನೇ ಮಲಗಿ, ಹೊರಳಿ, ಎದ್ದು ತೋರಿಸಿ ಮಾರುವವಳಾದ್ದರಿಂದ ಅವಳಿಗೆ ಆ ಹೆಸರು. ಮನೆಗೆ ಹೋದರೆ ಹಾಸಿಗೆ ಕಂಡರೇ ಅವಳಿಗೆ ಬೆನ್ನುನೋವು.

ಅಂಗಡಿಯಲ್ಲಿ ಮಾರುವವರು ನಾಲ್ವರು. ಮಾಲೀಕ ಬೋನಸ್ಸಿಗೆ ಇಟ್ಟ ಗುರಿ ಒಬ್ಬರೇ ಕುಣಿದು ಕುಪ್ಪಳಿಸಿದರೂ ಎಟುಕದು. ಹಾಗಾಗಿ ನಾಲ್ವರೂ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡಿದ್ದರು: ಯಾರೇ ಮಾರಲಿ, ಬಿಲ್ಲೆಲ್ಲ ಸರದಿಯಂತೆ ತಿಂಗಳಿಗೆ ಒಬ್ಬರ ಹೆಸರಿಗೆ. ಗುರಿ ದಾಟಿ ಬಂದ ಕಮಿಷನ್ನು, ಬೋನಸ್ಸು ಎರಡೂ ನಾಲ್ಕು ಪಾಲು. ನಗದಾಗಿ ಬರುತ್ತಿದ್ದಷ್ಟು ಕಾಲ ತಲೆನೋವಿರಲಿಲ್ಲ. ಅಕ್ಕನ ಸರದಿ ಬಂದಾಗ ಹಣ ಸಂಬಳದ ಜೊತೆ ಬ್ಯಾಂಕಿಗೆ ಬಂತು. ಮೂರರಲ್ಲೊಂದು ಪಾಲು ಕಡಿಮೆ ಇತ್ತು; ತೆರಿಗೆಗೆ ಹೋಯಿತು ಎಂದರು, ಚೀಟಿ ಕೊಡಲಿಲ್ಲ. ಉಳಿದದ್ದನ್ನೇ ಅವಳು ಹಂಚಿದಳು.

ಹಣ ನುಂಗಿದವನು ಸಂಬಳ ಹಾಕುವ ಲೆಕ್ಕದವನೇ ಎಂದು ಅವಳ ಅನುಮಾನ. ಅದೇ ವಾರ ಅವನು ಹೊಸ ಬೂಟು ಹಾಕಿಕೊಂಡು ಬಂದಿದ್ದ. ಉಳಿದವರ ಅನುಮಾನ ಅವಳ ಮೇಲೆ. ಹಿರಿಯನಾದ ಮೀಸೆ ಮಾವ ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದ. ಮಂಚ ಮಾರುವವನು ಮೊದಲೇ ಮಾತಿಲ್ಲದವನು. ಈಗ ಉಸಿರನ್ನೂ ಅಳೆದು ಬಿಡುತ್ತಿದ್ದ. ದಿಂಬು ಮಾರುವವಳು ಮಾತ್ರ ಬಾಯಿಬಿಟ್ಟಳು.

"ಏನಕ್ಕಾ, ಮಗಳಿಗೆ ಹೊಸ ಸೈಕಲ್ಲಂತೆ?"

"ಹಳೇದಕ್ಕೆ ಬಣ್ಣ ಹೊಡ್ಸಿದ್ದು ಕಣೇ. ಬೇಕಾದ್ರೆ ಬಂದು ಉಗುರಲ್ಲಿ ಕೆರೆದು ನೋಡು."

"ನಮಗ್ಯಾಕಮ್ಮಾ? ಸುಮ್ನೆ ಕೇಳ್ದೆ."

ಆ 'ಸುಮ್ನೆ' ಅಕ್ಕನ ಎದೆಗೆ ಮುಳ್ಳಾಯಿತು. ಮೂವರನ್ನೂ ಎಳೆದುಕೊಂಡು ಲೆಕ್ಕದವನ ಕಿಟಕಿಗೆ ಹೋದಳು.

"ಇವರ ಮುಂದೇನೇ ಹೇಳಪ್ಪಾ. ಯಾರು ತಿಂದಿದ್ದು?"

"ಯಾರೂ ತಿಂದಿಲ್ಲಕ್ಕಾ. ಸಂಬಳ, ಕಮಿಷನ್ನು, ಬೋನಸ್ಸು ಒಂದೇ ತಿಂಗಳು ಬಿತ್ತು. ವರ್ಷಪೂರ್ತಿ ಹೀಗೇ ದುಡೀತೀಯ ಅಂದ್ಕೊಂಡು ತೆರಿಗೆ ಮುರ್ಕೊಂಡಿದೀವಿ. ವರ್ಷದ ಕೊನೇಲಿ ಲೆಕ್ಕ ಕೊಟ್ರೆ ಹೆಚ್ಚಿಗೆ ಹಿಡಿದಿದ್ದು ವಾಪಸ್ ಬರುತ್ತೆ."

"ಯಾರಿಗೆ?" ಮೀಸೆ ಮಾವ ಕೇಳಿದ.

"ಯಾರ ಹೆಸರಲ್ಲಿ ಬಿಲ್ಲಿದೆಯೋ ಅವರಿಗೆ. ಅಷ್ಟೂ ಅಕ್ಕ ಒಬ್ಬಳೇ ಮಾರಿದ್ದು ತಾನೇ?" ಎಂದು ಲೆಕ್ಕದವನು ನಕ್ಕ. ಅವರ ಒಪ್ಪಂದ ಅವನಿಗೆ ಮೊದಲೇ ಗೊತ್ತಿತ್ತೋ ಏನೋ.

ನಮ್ಮದೂ ಇದೆ ಎಂದರೆ ಗುಟ್ಟು ಬಯಲಾಗುತ್ತದೆ. ಮೂವರೂ ಅಕ್ಕನತ್ತ ತಿರುಗಿದರು. ದಿಂಬಿನವಳು ಅವಳ ಕಿವಿಯಲ್ಲಿ ಉಸುರಿದಳು: "ವಾಪಸ್ ಬಂದ ದಿನ ನಮಗೆ ಹೇಳ್ತೀಯಾ?"

ಅಕ್ಕ ಕಿಟಕಿಗೆ ಕೈ ಬಡಿದಳು. "ಕೇಳಪ್ಪಾ, ಮಾರಿದ್ದು ನಾಲ್ಕೂ ಜನ. ಇನ್ಮೇಲೆ ಅವರವರ ಬಿಲ್ಲು ಅವರವರ ಹೆಸರಿಗೇ ಹಾಕು."

"ಬೋನಸ್ಸು ಹೋಗುತ್ತಲ್ಲೇ ಮಾರಾಯ್ತಿ!" ಮೀಸೆ ಮಾವ ಹೌಹಾರಿದ.

"ಹಾಳಾಗಿ ಹೋಗ್ಲಿ ಮಾವಾ. ಕಳ್ಳಿ ಅನ್ನಿಸ್ಕೊಂಡು ತಿನ್ನೋ ಬೋನಸ್ಸು ನನಗೆ ಬೇಡ."

ಬೋನಸ್ಸು ಹೋಯಿತು. ತೆರಿಗೆ ಇನ್ನೂ ವಾಪಸ್ ಬಂದಿಲ್ಲ. ಮೂವರೂ ಅವಳನ್ನು ಪೂರ್ತಿ ನಂಬಿಯೂ ಇಲ್ಲ. ಯಾರ ಕೈಗೂ ಎಟುಕದ ಗುರಿ ಇಟ್ಟ ಮಾಲೀಕನ ಮೇಲೆ ಮಾತ್ರ ಅಷ್ಟು ದಿನ ಯಾರಿಗೂ ಅನುಮಾನ ಹುಟ್ಟಲಿಲ್ಲ. ಗುರಿ ಇಳಿಸಿ, ಮುರಿದುಕೊಂಡ ತೆರಿಗೆಗೆ ಚೀಟಿ ಕೊಡಿ ಎಂದು ಅಕ್ಕ ಈಗ ಅವನಿಗೆ ಅರ್ಜಿ ಬರೆದಿದ್ದಾಳೆ. ಅದರಲ್ಲಿ ಇರುವುದು ಅವಳೊಬ್ಬಳ ಸಹಿ.

ನೀವೂ ಕಮಿಷನ್ನಿನ ಮೇಲೆ ಬದುಕುವವರಾದರೆ ಪಕ್ಕದವಳ ಸೈಕಲ್ಲು ಕೆರೆದು ನೋಡುವುದನ್ನು ಬಿಡಿ. ನಮ್ಮಿಂದ ಮುರಿದುಕೊಂಡದ್ದು ಎಷ್ಟು, ಯಾರ ಹೆಸರಿಗೆ ಕಟ್ಟಿದ್ದೀರಿ ಎಂದು ನಿಮ್ಮ ಮಾಲೀಕನನ್ನು ಕೇಳಿ. ನಾಳೆಯೇ ಕೇಳಿ.